ಹಳೆಯ ಛಾಯಾಚಿತ್ರಗಳಲ್ಲಿ ‘ಜರ್ಮನ್ ಸಿಪಾಯಿ’

ನಮ್ಮ ಹೊಸೂರು–ಕೃಷ್ಣಗಿರಿ ಸೀಮೆಯಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ, ಊರ ಮುಂದಿನ ಕಟ್ಟೆಯ ಮಗ್ಗುಲಲ್ಲಿ ಅವು ನಿಂತಿವೆ, ಕೆಲವು ಮಲಗಿವೆ. ಶಾಸನವಿರುವ ಕಲ್ಲು ತಾನೇ ಮಾತನಾಡುತ್ತದೆ. ಅಕ್ಷರವಿಲ್ಲದ ಕಲ್ಲನ್ನು ಓದಲು ಬೇರೆ ಕಣ್ಣು ಬೇಕು. ವೀರನ ಕೈಯಲ್ಲಿರುವುದು ಬಿಲ್ಲೋ ಕತ್ತಿಯೋ, ಮುಡಿಯನ್ನು ಎತ್ತ ಕಟ್ಟಿದ್ದಾನೆ, ಹಿಂದೆ ದನಗಳ ಸಾಲಿದೆಯೇ, ಎದುರಿಗಿರುವುದು ಹುಲಿಯೇ ಕುದುರೆಯೇ ಎಂಬಿಷ್ಟರಿಂದಲೇ ಬಲ್ಲವರು ಅದರ ಕಾಲವನ್ನೂ ಆ ಸಾವಿನ ಕಾರಣವನ್ನೂ ಊಹಿಸುತ್ತಾರೆ. ಇದೇ ಕಣ್ಣನ್ನು ನಮ್ಮ ಮನೆಗಳ ಗೋಡೆಯ ಮೇಲೆ ತೂಗುವ, ತಗಡಿನ ಟ್ರಂಕಿನ ತಳದಲ್ಲಿ ಹಾಸಿದ ಸೀರೆಯ ಕೆಳಗೆ ಸಿಗುವ ಸಿಪಾಯಿಗಳ ಛಾಯಾಚಿತ್ರಗಳ ಮೇಲೆ ಹಾಯಿಸಿದವರು ಕಡಮೆ.

ಇಂಥ ಚಿತ್ರಗಳ ಜೊತೆಗೆ ಸಾಮಾನ್ಯವಾಗಿ ಒಂದು ಮಾತೂ ಮನೆತನದಲ್ಲಿ ಉಳಿದುಬಂದಿರುತ್ತದೆ: ‘ಮುತ್ತಾತ ಜರ್ಮನಿ ಯುದ್ಧಕ್ಕೆ ಹೋಗಿದ್ದರು’, ‘ಪಕ್ಕದಲ್ಲಿ ನಿಂತವನು ಜರ್ಮನಿಯವನು’, ‘ಇದು ಜರ್ಮನ್ ಸಿಪಾಯಿಯಿಂದ ಕಿತ್ತುಕೊಂಡು ಬಂದ ಬಿಲ್ಲೆ’. ನಮ್ಮ ಹಿರಿಯರಿಗೆ ಎರಡು ಮಹಾಯುದ್ಧಗಳೂ ಜರ್ಮನಿ ಯುದ್ಧಗಳೇ. ಎದುರಾಳಿ ತುರ್ಕಿಯವನಿರಲಿ, ಇಟಲಿಯವನಿರಲಿ, ಮಾತಿನಲ್ಲಿ ಅವನು ಜರ್ಮನಿಯವನಾದ. ಆದುದರಿಂದ ಈ ಮಾತನ್ನು ಹಾಗೆಯೇ ನಂಬುವಂತಿಲ್ಲ, ತಳ್ಳಿಹಾಕುವಂತೆಯೂ ಇಲ್ಲ. ಅದನ್ನು ಪರೀಕ್ಷಿಸುವ ಸಾಧನ ಚಿತ್ರದಲ್ಲಿಯೇ ಇದೆ. ಅದೇ ಸಮವಸ್ತ್ರ.

ಈ ಪರೀಕ್ಷೆ ಹವ್ಯಾಸಿಗಳ ವಿನೋದವಷ್ಟೇ ಅಲ್ಲವೆಂದು ನಾವು ಭಾವಿಸುತ್ತೇವೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲು ಇಂಗ್ಲಿಷರ ಪಾಲಾಯಿತು. ಹೊಸೂರಿನ ಕಡೆಯ ಮೇಲುನಾಡು 1799ರವರೆಗೆ ಮೈಸೂರಿನಲ್ಲಿಯೇ ಇದ್ದು ಆಮೇಲೆ ಸೇಲಂ ಜಿಲ್ಲೆಗೆ ಸೇರಿತು. 1965ರಲ್ಲಿ ಧರ್ಮಪುರಿ ಜಿಲ್ಲೆ, 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಆದವು. ಹೀಗೆ ನಮ್ಮ ಸೀಮೆಯಿಂದ ಸೈನ್ಯಕ್ಕೆ ಹೋದ ಕನ್ನಡ ಮಾತಿನವನು ದಾಖಲೆಯಲ್ಲಿ ‘ಸೇಲಂ ಜಿಲ್ಲೆ, ಮದ್ರಾಸ್’ ಎಂದು ನಮೂದಾದ. ಕರ್ನಾಟಕದ ಇತಿಹಾಸ ಬರೆಯುವವರು ಅಲ್ಲಿ ಹುಡುಕುವುದಿಲ್ಲ. ಮದ್ರಾಸಿನ ಇತಿಹಾಸ ಬರೆಯುವವರಿಗೆ ಅವನ ಭಾಷೆ ಕಾಣುವುದಿಲ್ಲ. ಎರಡು ರಾಜ್ಯಗಳ ಪುಸ್ತಕಗಳ ನಡುವೆ ಜಾರಿಹೋದ ಇಂಥವನಿಗೆ ಉಳಿದಿರುವ ಸಾಕ್ಷ್ಯ ಎಷ್ಟೋ ಕಡೆ ಒಂದೇ ಒಂದು ಚಿತ್ರ. ಕೈಗಾರಿಕೆಗಳು ಬಂದು ಹೊಸೂರಿನ ನೆಲಕ್ಕೆ ಬೆಲೆ ಏರಿದ ಮೇಲೆ ಹಳೆಯ ಮನೆಗಳು ಒಂದೊಂದಾಗಿ ಕೆಡವಲ್ಪಡುತ್ತಿವೆ. ಚೌಕಟ್ಟಿನ ಮರಕ್ಕೆ ಗುಜರಿಯಲ್ಲಿ ಬೆಲೆಯುಂಟು, ಒಳಗಿನ ಕಾಗದಕ್ಕಿಲ್ಲ.

ಮೊದಲು ನಮ್ಮವರು ಜರ್ಮನರನ್ನು ಎಲ್ಲೆಲ್ಲಿ ಎದುರಿಸಿದರೆಂದು ತಿಳಿಯಬೇಕು. ಹಾಗೆ ತಿಳಿದರೆ ಚಿತ್ರದಲ್ಲಿ ಯಾವ ಬಗೆಯ ಉಡುಪನ್ನು ನಿರೀಕ್ಷಿಸಬೇಕೆಂಬುದು ಸ್ಪಷ್ಟವಾಗುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಇಂಗ್ಲೆಂಡಿನ ಮೂರನೆಯ ಜಾರ್ಜ್ ದೊರೆ ಜರ್ಮನಿಯ ಹನೋವರ್ ಸಂಸ್ಥಾನಕ್ಕೂ ಒಡೆಯನಾಗಿದ್ದುದರಿಂದ ಅಲ್ಲಿಯ ಎರಡು ಪದಾತಿ ದಳಗಳು 1782ರಲ್ಲಿ ಮದ್ರಾಸಿಗೆ ಬಂದಿಳಿದವು. 1783ರ ಜೂನ್ ತಿಂಗಳ ಕಡಲೂರಿನ ಕಾಳಗದಲ್ಲಿ ಫ್ರೆಂಚರಿಗೂ ಅವರ ಜೊತೆಗಿದ್ದ ಮೈಸೂರಿನ ಸೈನಿಕರಿಗೂ ಎದುರಾಗಿ ಅವರು ಹೋರಾಡಿದರು. ಅವರು ತೊಟ್ಟಿದ್ದುದು ಇಂಗ್ಲಿಷರಂತೆಯೇ ಕೆಂಪು ಕೋಟು! ಛಾಯಾಚಿತ್ರವಿಲ್ಲದ ಕಾಲದ ಮಾತಾದರೂ, ಬಟ್ಟೆಯ ಬಣ್ಣ ನೋಡಿ ದೇಶವನ್ನು ಹೇಳಹೊರಡುವವರು ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿ ತಾನಾಗಿಯೇ ನಮ್ಮ ಬಾಗಿಲಿಗೆ ಬಂದಿತು. 1914ರ ಸೆಪ್ಟೆಂಬರ್ 22ರ ರಾತ್ರಿ ‘ಎಂಡನ್’ ಎಂಬ ಯುದ್ಧನೌಕೆ ಮದ್ರಾಸಿನ ಬಂದರಿನೆದುರು ನಿಂತು ಬರ್ಮಾ ಆಯಿಲ್ ಕಂಪನಿಯ ಎಣ್ಣೆ ತೊಟ್ಟಿಗಳಿಗೆ ಗುಂಡಿಟ್ಟು ಬೆಂಕಿ ಹಚ್ಚಿತು. ನವೆಂಬರ್ 9ರಂದು ಕೋಕೋಸ್ ದ್ವೀಪಗಳ ಬಳಿ ಆಸ್ಟ್ರೇಲಿಯದ ‘ಸಿಡ್ನಿ’ ನೌಕೆಯ ಕೈಯಲ್ಲಿ ಅದರ ಆಟ ಮುಗಿಯಿತು. ಹಡಗು ಹೋದರೂ ಹೆಸರು ಹೋಗಲಿಲ್ಲ. ಪಕ್ಕಾ ಚಾಲಾಕಿ ಮನುಷ್ಯನನ್ನು ‘ಅವನೊಬ್ಬ ಎಂಡನ್’ ಎನ್ನುವುದನ್ನು ನಾವೆಲ್ಲರೂ ತಮಿಳು ನೆರೆಯವರ ಬಾಯಲ್ಲಿ ಕೇಳಿದ್ದೇವೆ. ಕೈಸರನ ನಾವಿಕರ ಟೋಪಿಯ ಸುತ್ತಿನ ಪಟ್ಟಿಯಲ್ಲಿ ಹಡಗಿನ ಹೆಸರಿನ ಮುಂದೆ ‘ಎಸ್.ಎಂ.ಎಸ್.’ ಎಂದಿರುತ್ತಿತ್ತು, ಇಂಗ್ಲಿಷ್ ನಾವಿಕರದು ‘ಎಚ್.ಎಂ.ಎಸ್.’ ಉಡುಪು ಹೆಚ್ಚುಕಡಮೆ ಒಂದೇ ಬಗೆಯದು. ಮಸುಕಾದ ಚಿತ್ರದಲ್ಲಿ ಒಂದಕ್ಷರ ಕಂಡರೆ ದೇಶವೇ ಬದಲಾಗುತ್ತದೆ.

ಅದೇ ನವೆಂಬರಿನಲ್ಲಿ ಪೂರ್ವ ಆಫ್ರಿಕದ ಟಾಂಗಾ ಬಂದರಿನಲ್ಲಿ ಇಳಿದ ಭಾರತೀಯ ಸೈನ್ಯದಲ್ಲಿ ಮದ್ರಾಸಿನ 61ನೇ ಪಯೋನಿಯರ್ಸ್ ಮತ್ತು 63ನೇ ಪಾಳಯಂಕೋಟೆ ದಳಗಳಿದ್ದವು. ಲೆಟ್ಟೋ–ಫೋರ್ಬೆಕ್ ಎಂಬ ಜರ್ಮನ್ ಸೇನಾನಿ ಅವರನ್ನು ಸೋಲಿಸಿ ಹಿಂದಟ್ಟಿದ. ಆ ಕದನದಲ್ಲಿ ನಮ್ಮವರಿಗೆ ಎದುರಾದ ‘ಜರ್ಮನರ’ಲ್ಲಿ ಹೆಚ್ಚಿನವರು ಆಫ್ರಿಕದ ಅಸ್ಕರಿ ಸಿಪಾಯಿಗಳು: ಖಾಕಿ ಅಂಗಿ, ಹಿಂದೆ ಬಟ್ಟೆ ಇಳಿಬಿಟ್ಟ ಎತ್ತರದ ಟೋಪಿ, ಅದರ ಮುಂಭಾಗದಲ್ಲಿ ಲೋಹದ ಹದ್ದು. ಅವರ ಬಿಳಿಯ ಅಧಿಕಾರಿಗಳದು ಬಲಗಡೆ ಅಂಚನ್ನು ಮೇಲಕ್ಕೆ ಮಡಿಸಿದ ಅಗಲ ಟೋಪಿ. ಆಸ್ಟ್ರೇಲಿಯದವರೂ ಇಂಥ ಟೋಪಿಯನ್ನೇ ಧರಿಸುತ್ತಿದ್ದರು. ಆದರೆ ಅವರು ಮಡಿಸುತ್ತಿದ್ದುದು ಎಡಗಡೆಗೆ.

ಕನ್ನಡಿಗರಿಗೆ ಹೆಚ್ಚು ಪರಿಚಿತವಾದುದು ಹೈಫಾ. ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಕುದುರೆ ದಳ 1914ರಲ್ಲಿ ಈಜಿಪ್ಟಿಗೆ ಹೋಗಿ, ಸೂಯೆಜ್ ಕಾಲುವೆಯ ಕಾವಲಿನಿಂದ ತೊಡಗಿ ಪ್ಯಾಲೆಸ್ಟೈನಿನವರೆಗೂ ಹೋರಾಡಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಲ್ಯಾನ್ಸರ್ಸ್ ಹೈಫಾ ಪಟ್ಟಣದೊಳಕ್ಕೆ ನುಗ್ಗುವಾಗ, ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಕಡಿದಾದ ಏರನ್ನು ಹತ್ತಿ ಮೇಲಿನ ಫಿರಂಗಿಗಳನ್ನು ಹಿಡಿದರು. ಆ ದಿನ ಸೆರೆಸಿಕ್ಕವರು ಸುಮಾರು 1,350 ಮಂದಿ. ಅವರಲ್ಲಿ ತುರ್ಕಿ ಅಧಿಕಾರಿಗಳು 35, ಜರ್ಮನ್ ಅಧಿಕಾರಿಗಳು ಇಬ್ಬರೇ. 17 ಫಿರಂಗಿಗಳೂ 11 ಮೆಷಿನ್ ಗನ್ನುಗಳೂ ಕೈವಶವಾದವು. ನಮ್ಮ ಕಡೆ ಸತ್ತವರು ಎಂಟು ಜನ, ಗಾಯಗೊಂಡವರು 34. ಕುದುರೆಗಳು ಮಾತ್ರ 60 ಸತ್ತವು. ದೆಹಲಿಯ ತೀನ್ ಮೂರ್ತಿಯ ಮೂವರು ಸವಾರರಲ್ಲಿ ಒಬ್ಬ ನಮ್ಮ ಮೈಸೂರಿನವನು, ಬೆಂಗಳೂರಿನ ಜೆ.ಸಿ. ನಗರದಲ್ಲಿಯೂ ಲ್ಯಾನ್ಸರ್ಸ್ ಸ್ಮಾರಕವಿದೆ.

‘ಇಬ್ಬರೇ’ ಎಂಬ ಮಾತನ್ನು ಗಮನಿಸಬೇಕು. ಹೈಫಾದ ಸವಾರನೊಬ್ಬನ ಮನೆಯಲ್ಲಿ ‘ಹಿಡಿದ ಜರ್ಮನರು’ ಎಂದು ಹೇಳುವ ಚಿತ್ರವಿದ್ದರೆ, ಅದರಲ್ಲಿರುವವರು ತುರ್ಕಿಯವರಾಗಿರುವ ಸಂಭವವೇ ಹೆಚ್ಚು. ಮತ್ತೊಂದು ತೊಡಕೂ ಉಂಟು. ತುರ್ಕಿಯ ಸೇವೆಗೆಂದು ಕಳುಹಿಸಲ್ಪಟ್ಟ ಜರ್ಮನ್ ಅಧಿಕಾರಿಗಳಲ್ಲಿ ಹಲವರು ತುರ್ಕಿಯ ಸಮವಸ್ತ್ರವನ್ನೇ ತೊಟ್ಟು, ತಲೆಗೆ ಕುರಿಮರಿಯ ತುಪ್ಪಟದ ಕಲ್ಪಾಕ್ ಟೋಪಿ ಇಡುತ್ತಿದ್ದರು. ಇಂಥವನನ್ನು ಗುರುತಿಸಲು ಟೋಪಿಯನ್ನು ಬಿಟ್ಟು ಎದೆಯನ್ನು ನೋಡಬೇಕು: ಎಡ ಎದೆಯ ಮೇಲೆ, ಪಟ್ಟಿಯಿಲ್ಲದೆ ನೇರವಾಗಿ ಚುಚ್ಚಿಕೊಂಡ, ತುದಿಗಳು ಅಗಲವಾದ ಕಪ್ಪು ಶಿಲುಬೆ ಕಂಡರೆ ಅದು ಐರನ್ ಕ್ರಾಸಿನ ಮೊದಲನೆಯ ದರ್ಜೆ. ಎರಡನೆಯ ದರ್ಜೆಯದಕ್ಕೆ ದಿನನಿತ್ಯ ಶಿಲುಬೆಯನ್ನೇ ತೊಡುತ್ತಿರಲಿಲ್ಲ. ಕೋಟಿನ ಗುಂಡಿಯ ಕಾಜದಿಂದ ಓರೆಯಾಗಿ ಹಾಯಿಸಿದ ಕಪ್ಪು–ಬಿಳಿ ಪಟ್ಟಿಯ ತುಂಡು ಮಾತ್ರ ಕಾಣುತ್ತದೆ. ಎಷ್ಟೋ ಜನ ಅದನ್ನು ಹರಿದ ಬಟ್ಟೆಯೆಂದೋ ಚಿತ್ರದ ಕಲೆಯೆಂದೋ ತಿಳಿದು ದಾಟಿಹೋಗುತ್ತಾರೆ.

ಇನ್ನು ಜರ್ಮನ್ ಸಮವಸ್ತ್ರದ ಮುಖ್ಯ ಗುರುತುಗಳು. ಮೊದಲ ಯುದ್ಧದ ಸಿಪಾಯಿಯೆಂದೊಡನೆ ನೆನಪಾಗುವುದು ತುದಿಯಲ್ಲಿ ಮೊನೆಯಿರುವ ಶಿರಸ್ತ್ರಾಣ. ರಣರಂಗದಲ್ಲಿ ಅದು ಹೊಳೆಯದಂತೆ ಬಟ್ಟೆಯ ಗವಸು ಹಾಕಿ, ಮುಂದೆ ದಳದ ಸಂಖ್ಯೆಯನ್ನು ಹೊಲಿಯುತ್ತಿದ್ದರು. 1916ರಿಂದ ಅದರ ಸ್ಥಾನಕ್ಕೆ ಕಿವಿ, ಕುತ್ತಿಗೆಗಳನ್ನು ಮರೆಮಾಡುವ ಉಕ್ಕಿನ ಶಿರಸ್ತ್ರಾಣ ಬಂತು. ಅದರ ಎರಡೂ ಪಕ್ಕದಲ್ಲಿ ಚಿಕ್ಕ ಕೊಂಬಿನಂತಹ ಮೊಳೆಗಳು. ಇಂಗ್ಲಿಷ್ ಸೈನ್ಯದ್ದು ಊಟದ ತಟ್ಟೆ ಮಗುಚಿದಂತೆ ಚಪ್ಪಟೆ. ಹೀಗೆ ಒಂದು ಶಿರಸ್ತ್ರಾಣದಿಂದಲೇ 1916ರ ಹಿಂದೋ ಮುಂದೋ ಎಂದು ಹೇಳಬಹುದು. ಬಿಡುವಿನ ವೇಳೆಯ ಅಂಚಿಲ್ಲದ ದುಂಡು ಟೋಪಿಯಲ್ಲಿ ಒಂದರ ಕೆಳಗೊಂದು ಎರಡು ಬಣ್ಣದ ಬಿಲ್ಲೆಗಳಿರುತ್ತವೆ: ಮೇಲಿನದು ಇಡೀ ಸಾಮ್ರಾಜ್ಯದ್ದು, ಕೆಳಗಿನದು ಆತನ ಸಂಸ್ಥಾನದ್ದು. ಪ್ರಷ್ಯದ್ದು ಕಪ್ಪು–ಬಿಳಿ–ಕಪ್ಪು, ಬವೇರಿಯದ್ದು ಬಿಳಿ–ನೀಲಿ–ಬಿಳಿ, ಸ್ಯಾಕ್ಸನಿಯದ್ದು ಬಿಳಿ–ಹಸಿರು–ಬಿಳಿ. ಮೈಸೂರು, ಹೈದರಾಬಾದು, ಜೋಧಪುರಗಳು ತಮ್ಮ ತಮ್ಮ ದಳಗಳನ್ನು ಕಳುಹಿಸಿದಂತೆಯೇ ಜರ್ಮನಿಯಲ್ಲಿಯೂ ಸಂಸ್ಥಾನಗಳಿದ್ದವು ಎಂದರೆ ನಮ್ಮ ಓದುಗರಿಗೆ ಬೇಗ ಅರ್ಥವಾದೀತು. ಸೊಂಟಪಟ್ಟಿಯ ಲೋಹದ ಬಿಲ್ಲೆಯಲ್ಲಿಯೂ ಅದೇ ಭೇದ: ಪ್ರಷ್ಯದವರದರಲ್ಲಿ ಕಿರೀಟದ ಮೇಲೆ ‘ಗಾಟ್ ಮಿಟ್ ಉನ್ಸ್’, ಎಂದರೆ ‘ದೇವರು ನಮ್ಮೊಡನೆ’, ಬವೇರಿಯದವರದರಲ್ಲಿ ‘ಇನ್ ಟ್ರಾಯ ಫೆಸ್ಟ್’, ಎಂದರೆ ‘ನಿಷ್ಠೆಯಲ್ಲಿ ದೃಢ’. ಯುದ್ಧಭೂಮಿಯಿಂದ ಮನೆಗೆ ತರಲು ಅನುಕೂಲವಾದ ಚಿಕ್ಕ, ಗಟ್ಟಿ ವಸ್ತು ಈ ಬಿಲ್ಲೆ.

ಎರಡನೆಯ ಯುದ್ಧದ ಜರ್ಮನ್ ಸೈನಿಕನನ್ನು ಗುರುತಿಸುವುದು ಸುಲಭ. ಭೂಸೈನ್ಯದವನ ಬಲ ಎದೆಯಲ್ಲಿ, ಜೇಬಿನ ಮೇಲೆ, ರೆಕ್ಕೆಗಳನ್ನು ನೆಟ್ಟಗೆ ಚಾಚಿ ಕಾಲಲ್ಲಿ ಸ್ವಸ್ತಿಕ ಹಿಡಿದ ಹದ್ದು. ವಾಯುಸೈನ್ಯದವನ ಹದ್ದು ಹಾರುತ್ತಿರುವ ಭಂಗಿಯಲ್ಲಿದೆ. ಎಸ್.ಎಸ್. ದಳದವರಿಗೆ ಅದು ಎದೆಯಲ್ಲಿರದೆ ಎಡತೋಳಿನ ಮೇಲಿರುತ್ತದೆ. ಕೊರಳಪಟ್ಟಿಯ ಎರಡೂ ತುದಿಗಳಲ್ಲಿ ಜೋಡಿ ಗೆರೆಗಳು. ಭುಜಪಟ್ಟಿಯ ಅಂಚಿಗೆ ಪದಾತಿಗೆ ಬಿಳಿ, ಫಿರಂಗಿ ದಳಕ್ಕೆ ಕೆಂಪು, ಟ್ಯಾಂಕು ದಳಕ್ಕೆ ಗುಲಾಬಿ ಎಂದು ಬಣ್ಣದ ದಾರ. ಪದವಿಯ ಗುರುತು ಹುಡುಕುವಾಗ ನಮ್ಮ ಅಭ್ಯಾಸ ದಾರಿ ತಪ್ಪಿಸಬಹುದು. ಭಾರತೀಯ ಸೈನ್ಯದಲ್ಲಿ ನಾಯಕನಿಗೆ ತೋಳಿನ ಮೇಲೆ ಎರಡು ಪಟ್ಟೆ, ಹವಲ್ದಾರನಿಗೆ ಮೂರು. ಕೈಸರನ ಕಾಲದ ಜರ್ಮನ್ ಹವಲ್ದಾರನ ತೋಳು ಖಾಲಿ. ಅವನ ಪದವಿ ಕೊರಳಪಟ್ಟಿಯ ಅಂಚಿಗೆ ಹೊಲಿದ ಜರಿಯಲ್ಲಿದೆ.

ಇಷ್ಟು ತಿಳಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನಮ್ಮ ಅನುಭವದಲ್ಲಿ, ಗುರುತುಗಳನ್ನು ಅರೆಬರೆ ಕಲಿತವರು ಕಲಿಯದವರಿಗಿಂತ ಹೆಚ್ಚು ಮೋಸಹೋಗುತ್ತಾರೆ. ಮೊನೆಯಿರುವ ಶಿರಸ್ತ್ರಾಣವನ್ನೇ ತೆಗೆದುಕೊಳ್ಳೋಣ. ಭಾರತದಲ್ಲಿದ್ದ ಇಂಗ್ಲಿಷ್ ಅಧಿಕಾರಿಗಳು ವಿಧ್ಯುಕ್ತ ಸಮಾರಂಭಗಳಲ್ಲಿ ತೊಡುತ್ತಿದ್ದ ಬಿಳಿಯ ಬಿಸಿಲುಟೋಪಿಗೂ ಮೇಲೆ ಮೊನೆಯಿರುತ್ತಿತ್ತು. ಮೈಸೂರು ದಸರೆಯ ಹಳೆಯ ಚಿತ್ರದಲ್ಲಿ ಇಂಥವನನ್ನು ಕಂಡು ‘ಜರ್ಮನ್ ಅತಿಥಿ’ ಎಂದು ಬರೆದುಬಿಡಬಾರದು. ಹಾಗೆಂದು ಜರ್ಮನ್ ಅತಿಥಿಗಳೇ ಇರಲಿಲ್ಲವೆಂದೂ ಅಲ್ಲ; ಲಾಲ್‌ಬಾಗನ್ನು ಬೆಳೆಸಿದ ಕ್ರುಂಬಿಗೆಲ್, ಅರಮನೆಯ ಪಾಶ್ಚಾತ್ಯ ವಾದ್ಯವೃಂದವನ್ನು ನಡೆಸಿದ ಆಟೊ ಸ್ಮಿತ್ ಇಬ್ಬರೂ ಜರ್ಮನರೇ, ಆದರೆ ಸಿಪಾಯಿಗಳಲ್ಲ. ಮದುವೆಯ ಬ್ಯಾಂಡಿನವರ, ನಾಟಕದ ಕಂಪನಿಯವರ ಜರತಾರಿ ಕೋಟುಗಳನ್ನಂತೂ ಯಾವ ಸೈನ್ಯದ ಪುಸ್ತಕದಲ್ಲಿಯೂ ಹುಡುಕುವುದು ವ್ಯರ್ಥ.

ಹದ್ದು ಇನ್ನೂ ದೊಡ್ಡ ಮೋಸಗಾರ. ಎರಡನೆಯ ಯುದ್ಧದಲ್ಲಿ ಉತ್ತರ ಆಫ್ರಿಕದಲ್ಲಿಯೂ ಇಟಲಿಯಲ್ಲಿಯೂ ಜರ್ಮನರೊಡನೆ ಹೋರಾಡಿದ ಭಾರತೀಯ 4ನೇ ಡಿವಿಜನ್ನಿನ ಚಿಹ್ನೆಯೇ ಕೆಂಪು ಹದ್ದು. ಅದನ್ನು ಸಿಪಾಯಿಗಳು ತೋಳಿನ ಮೇಲೆ ಧರಿಸುತ್ತಿದ್ದರು. ಈ ಡಿವಿಜನ್ನಿನಲ್ಲಿ ಮದ್ರಾಸ್ ಸ್ಯಾಪರ್ಸಿನ 12ನೇ ಫೀಲ್ಡ್ ಕಂಪನಿ ಇತ್ತು. ಸ್ಯಾಪರ್ಸಿನ ಕೇಂದ್ರ ಬೆಂಗಳೂರು, ಎಂದರೆ ಹೊಸೂರಿನಿಂದ ಹತ್ತು ಹರದಾರಿಯೊಳಗೆ. ನಮ್ಮ ಸೀಮೆಯ ಹುಡುಗನಿಗೆ ಅತ್ಯಂತ ಹತ್ತಿರದ ಸೈನ್ಯದ ಬಾಗಿಲು ಅದೇ. ಆದುದರಿಂದ ತೋಳಿನ ಮೇಲೆ ಹದ್ದಿರುವ ಹಳೆಯ ಚಿತ್ರವೊಂದು ನಮ್ಮಲ್ಲಿ ಸಿಕ್ಕರೆ, ಅವನು ಜರ್ಮನರ ಜೊತೆ ಸೇರಿದವನೆಂದು ಹೇಳುವ ಮುನ್ನ ಅವನು ಜರ್ಮನರ ವಿರುದ್ಧ ಕಾಸಿನೋದಲ್ಲಿ ಹೋರಾಡಿದವನಿರಬಹುದೇ ಎಂದು ಕೇಳಬೇಕು. ಮದ್ರಾಸ್ ಸ್ಯಾಪರನನ್ನು ಹಳೆಯ ಚಿತ್ರಗಳಲ್ಲಿ ಗುರುತಿಸಲು ಮತ್ತೊಂದು ಸಾಧನವಿದೆ: ‘ದುಪ್ಟಾ’ ಎಂದು ಕರೆಯುವ, ಬೇರೆ ಯಾವ ಭಾರತೀಯ ದಳದಲ್ಲಿಯೂ ಕಾಣದ, ಕೊಳವೆಯಂತೆ ನೆಟ್ಟಗೆ ನಿಲ್ಲುವ ಅವರ ಶಿರೋವೇಷ. ಇದೇ ದಳದ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರವರಿ 24ರಂದು ಇಟಲಿಯ ಮಿಗ್ನಾನೋ ಬಳಿ, ಸಿಡಿಯಲಿದ್ದ ನೆಲಬಾಂಬಿನ ಮೇಲೆ ತಾವೇ ಬಿದ್ದು ಜೊತೆಯವರನ್ನು ಉಳಿಸಿದರು. ಅವರಿಗೆ ಮರಣಾನಂತರ ಜಾರ್ಜ್ ಕ್ರಾಸ್ ಪದಕ ದೊರೆಯಿತು.

ಎರಡು ತಲೆಯ ಹಕ್ಕಿಯನ್ನು ಕಂಡಾಗಲೂ ಎಚ್ಚರ ಬೇಕು. ಜರ್ಮನ್ ಸಾಮ್ರಾಜ್ಯದ ಹದ್ದಿಗೆ ಒಂದೇ ತಲೆ. ಎರಡು ತಲೆಯದು ಆಸ್ಟ್ರಿಯ–ಹಂಗೆರಿಯದು, ಅದು ಅವರ ಸೊಂಟಪಟ್ಟಿಯ ಬಿಲ್ಲೆಯಲ್ಲಿದೆ. ಅಥವಾ ನಮ್ಮದೇ ಗಂಡಭೇರುಂಡ, ಮೈಸೂರು ಸಂಸ್ಥಾನದ ಲಾಂಛನ. ಕಾರ್ಮೆಲ್ ಬೆಟ್ಟದ ಮೇಲಿನ ಹಗುರ ಫಿರಂಗಿಗಳನ್ನು ನಡೆಸುತ್ತಿದ್ದವರು ಆಸ್ಟ್ರಿಯದವರು. ಎಂದ ಮೇಲೆ 1918ರ ಆ ಮಧ್ಯಾಹ್ನ ಎರಡು ತಲೆಯ ಹಕ್ಕಿಯನ್ನು ಲಾಂಛನವಾಗಿ ಉಳ್ಳ ಎರಡು ರಾಜ್ಯಗಳ ಸೈನಿಕರು ಮುಖಾಮುಖಿಯಾಗಿದ್ದರು. ಗಂಡಭೇರುಂಡದ ಕೊಕ್ಕುಗಳಲ್ಲಿ ಅಥವಾ ಕಾಲುಗಳಲ್ಲಿ ಆನೆಗಳನ್ನು ಹಿಡಿದಿರುವುದುಂಟು. ಆಸ್ಟ್ರಿಯದ ಹದ್ದಿನ ತಲೆಗಳ ಮೇಲೆ ಕಿರೀಟ, ಕಾಲುಗಳಲ್ಲಿ ಖಡ್ಗ ಮತ್ತು ಗೋಳ.

ಬೆಂಗಳೂರಿನ ಸುತ್ತಮುತ್ತ ತೆಗೆದ ಚಿತ್ರಗಳಲ್ಲಿ ಎರಡನೆಯ ಯುದ್ಧದ ಕಾಲದ ಬಿಳಿಯ ಕೈದಿಗಳು ಕಂಡರೆ ಅವರು ಬಹುಮಟ್ಟಿಗೆ ಇಟಲಿಯವರು. ಆಫ್ರಿಕದಲ್ಲಿ ಸೆರೆಸಿಕ್ಕ ಸಾವಿರಾರು ಇಟಾಲಿಯನ್ನರನ್ನು ಜಾಲಹಳ್ಳಿ ಮೊದಲಾದೆಡೆ ಶಿಬಿರಗಳಲ್ಲಿ ಇರಿಸಿದ್ದರು. ಭಾರತದಲ್ಲಿದ್ದ ಜರ್ಮನ್ ನಾಗರಿಕರನ್ನು ಕೂಡಿಟ್ಟ ಪ್ರಸಿದ್ಧ ಶಿಬಿರ ದೂರದ ಡೆಹ್ರಾಡೂನಿನದು. ಇಟಲಿಯವನನ್ನು ಗುರುತಿಸಲು ಪಂಡಿತನಾಗಬೇಕಿಲ್ಲ: ಕೊರಳಪಟ್ಟಿಯ ಎರಡು ತುದಿಗಳಲ್ಲಿ ಐದು ಮೂಲೆಯ ಒಂದೊಂದು ಚಿಕ್ಕ ನಕ್ಷತ್ರ. ಸೇನಾಪತಿಯಿಂದ ಸಿಪಾಯಿಯವರೆಗೆ ಎಲ್ಲರಿಗೂ ಅದು ಉಂಟು. ಜರ್ಮನರ ಕೊರಳಪಟ್ಟಿಯಲ್ಲಿ ಇಂಥ ನಕ್ಷತ್ರವಿಲ್ಲ.

ಬಣ್ಣದ ವಿಚಾರವಾಗಿ ಒಂದು ಮಾತು ಹೇಳಲೇಬೇಕು. ಮೊದಲ ಯುದ್ಧದ ಕಾಲದಲ್ಲಿ ಬಳಕೆಯಲ್ಲಿದ್ದ ಗಾಜಿನ ಫಲಕಗಳಿಗೆ ಕೆಂಪು ಬೆಳಕು ಬಹುತೇಕ ಕಾಣುತ್ತಲೇ ಇರಲಿಲ್ಲ. ನೀಲಿ ಮಾತ್ರ ಅತಿಯಾಗಿ ತಟ್ಟುತ್ತಿತ್ತು. ಆದುದರಿಂದ ಕಪ್ಪು–ಬಿಳಿ ಚಿತ್ರದಲ್ಲಿ ಕಡುಗೆಂಪು ಕಪ್ಪಾಗಿ, ಕಿತ್ತಳೆ ಕಂದಿದಂತಾಗಿ, ನೀಲಿ ಬಿಳಿಚಿಕೊಂಡು ಮೂಡುತ್ತವೆ. ಬವೇರಿಯದ ಬಿಳಿ–ನೀಲಿ–ಬಿಳಿ ಬಿಲ್ಲೆ ಬರಿಯ ಬಿಳಿಯ ಚುಕ್ಕೆಯಂತೆ ಕಾಣುವುದು ಇದರಿಂದಲೇ. ಈಚೆಗೆ ಕೈಫೋನಿನಲ್ಲಿಯೇ ಹಳೆಯ ಚಿತ್ರಗಳಿಗೆ ಬಣ್ಣ ತುಂಬುವ ಗೀಳು ಹಬ್ಬಿದೆ. ಯಂತ್ರ ಊಹಿಸಿ ಹಚ್ಚಿದ ಬಣ್ಣ ನೋಡಲು ಚೆಂದ, ಸಾಕ್ಷ್ಯಕ್ಕೆ ವಿಷ. ಮಸುಕಾದ ಮುಖವನ್ನು ‘ಸ್ಪಷ್ಟ’ಗೊಳಿಸುವಾಗ ಅದು ಭುಜದ ಸಂಖ್ಯೆಯನ್ನೂ ಗುಂಡಿಯ ಲಾಂಛನವನ್ನೂ ತನಗೆ ತೋಚಿದಂತೆ ಬರೆದುಬಿಡುತ್ತದೆ. ಹಾಗೆ ಮಾಡಲೇಬೇಕೆಂದಿದ್ದರೆ ಪ್ರತಿಯ ಮೇಲೆ ಮಾಡಿರಿ, ಮೂಲವನ್ನು ಮುಟ್ಟಬೇಡಿರಿ.

ಎಡ–ಬಲಗಳ ಪರೀಕ್ಷೆಯೂ ಅಷ್ಟೇ ಅಗತ್ಯ. ನೆಗೆಟಿವನ್ನು ಮಗುಚಿ ಮುದ್ರಿಸಿದರೆ ಇಡೀ ಚಿತ್ರ ಕನ್ನಡಿಯಲ್ಲಿ ಕಂಡಂತಾಗುತ್ತದೆ. ಗಂಡಸರ ಕೋಟಿನಲ್ಲಿ ಎಡಭಾಗ ಬಲಭಾಗದ ಮೇಲೆ ಬರುತ್ತದೆ. ಪದಕಗಳು ಎಡ ಎದೆಯಲ್ಲಿರುತ್ತವೆ. ಇವೆರಡೂ ತಿರುಗಿದ್ದರೆ ಹದ್ದಿನ ಸ್ಥಾನವೂ ತೋಳಿನ ಚಿಹ್ನೆಯ ಸ್ಥಾನವೂ ತಿರುಗಿವೆ ಎಂದು ತಿಳಿಯಬೇಕು. ಈ ಸಣ್ಣ ಪರೀಕ್ಷೆಯ ಬೆಲೆ ಎಷ್ಟೆಂಬುದು ಮುಂದಿನ ವಿಷಯದಿಂದ ತಿಳಿದೀತು.

ಏಕೆಂದರೆ ಚಿತ್ರದಲ್ಲಿರುವ ಸಮವಸ್ತ್ರ ನಿಜವಾಗಿಯೂ ಜರ್ಮನಿಯದೇ ಆಗಿದ್ದು, ಅದನ್ನು ತೊಟ್ಟವನು ಭಾರತೀಯನೇ ಆಗಿರಬಹುದು. 1941ರ ಏಪ್ರಿಲಿನಲ್ಲಿ ಸುಭಾಷಚಂದ್ರ ಬೋಸರು ಬರ್ಲಿನ್ ಸೇರಿದರು. ಉತ್ತರ ಆಫ್ರಿಕದಲ್ಲಿ ಜರ್ಮನರಿಗೂ ಇಟಲಿಯವರಿಗೂ ಸೆರೆಸಿಕ್ಕ ಭಾರತೀಯ ಸಿಪಾಯಿಗಳಿಂದ ಆರಿಸಿ ಕಟ್ಟಿದ ದಳ ಜರ್ಮನ್ ಲೆಕ್ಕದಲ್ಲಿ 950ನೇ ಪದಾತಿ ರೆಜಿಮೆಂಟ್ ಎನಿಸಿತು. ನಮ್ಮಲ್ಲಿ ಅದನ್ನು ಆಜಾದ್ ಹಿಂದ್ ದಳವೆನ್ನುತ್ತಾರೆ. ಅದರ ಸಂಖ್ಯೆ ಸುಮಾರು ಮೂರು ಸಾವಿರಕ್ಕೆ ಮುಟ್ಟಿತ್ತು. ಪ್ರಾಂತ, ಮತ ನೋಡದೆ ಎಲ್ಲರನ್ನೂ ಒಂದೇ ಕಂಪನಿಯಲ್ಲಿ ಬೆರೆಸಬೇಕೆಂದು ಬೋಸರು ಪಟ್ಟುಹಿಡಿದರು. ಬೋಸರು 1943ರ ಫೆಬ್ರವರಿಯಲ್ಲಿ ಜಲಾಂತರ್ಗಾಮಿಯಲ್ಲಿ ಪೂರ್ವಕ್ಕೆ ಹೊರಟುಹೋದರು. ದಳ ಹಾಲೆಂಡಿಗೂ ಅಲ್ಲಿಂದ ಫ್ರಾನ್ಸಿನ ಪಶ್ಚಿಮ ಕರಾವಳಿಗೂ ಹೋಯಿತು. 1944ರ ಆಗಸ್ಟಿನಲ್ಲಿ ಅದನ್ನು ಎಸ್.ಎಸ್. ಅಧೀನಕ್ಕೆ ಸೇರಿಸಿದರು. ಫ್ರಾನ್ಸಿನಿಂದ ಹಿಮ್ಮೆಟ್ಟುವಾಗ ಆ ದಳದವರ ಮೇಲೆ ಅಲ್ಲಿಯ ಜನ ಹೇಳಿದ ದೂರುಗಳೂ ಇತಿಹಾಸದಲ್ಲಿವೆ. ಅವನ್ನು ಮುಚ್ಚಿಡುವುದರಿಂದ ಬೋಸರ ಗೌರವವೇನೂ ಹೆಚ್ಚುವುದಿಲ್ಲ.

ಈ ದಳದವನ ಉಡುಪು ಪೂರ್ತಿ ಜರ್ಮನ್ ಸಿಪಾಯಿಯದೇ. ಬಲ ಎದೆಯಲ್ಲಿ ಸ್ವಸ್ತಿಕ ಹಿಡಿದ ಹದ್ದೂ ಉಂಟು. ಸಿಖ್ಖರು ಪೇಟ ಸುತ್ತುತ್ತಿದ್ದರು, ಉಳಿದವರಿಗೆ ಜರ್ಮನ್ ಟೋಪಿ. ಅವನನ್ನು ಬೇರ್ಪಡಿಸುವ ಗುರುತು ಒಂದೇ: ಬಲತೋಳಿನ ಮೇಲ್ಭಾಗದಲ್ಲಿ ಗುರಾಣಿಯಾಕಾರದ ಬಟ್ಟೆಯ ಬಿಲ್ಲೆ, ಅದರಲ್ಲಿ ಕೇಸರಿ, ಬಿಳಿ, ಹಸಿರು ಅಡ್ಡಪಟ್ಟೆಗಳ ಮೇಲೆ ನೆಗೆಯುತ್ತಿರುವ ಹುಲಿ, ತಲೆಯಲ್ಲಿ ‘ಫ್ರೈಯಸ್ ಇಂಡಿಯನ್’, ಎಂದರೆ ‘ಸ್ವತಂತ್ರ ಭಾರತ’ ಎಂಬ ರೋಮನ್ ಬರಹ. ಕಪ್ಪು–ಬಿಳಿ ಚಿತ್ರದಲ್ಲಿ ಕೇಸರಿಯೂ ಹಸಿರೂ ಒಂದೇ ಬೂದಿಯಾಗಿ, ನಡುವಿನ ಬಿಳಿ ಮಾತ್ರ ಎದ್ದು ಕಾಣುವುದುಂಟು. ಹದ್ದು, ಹುಲಿ ಎರಡೂ ಬಲಗಡೆ. ಚಿತ್ರದಲ್ಲಿ ಅವು ಅವನ ಎಡಗಡೆಗೆ ಬಂದಿದ್ದರೆ ಮೇಲೆ ಹೇಳಿದ ಗುಂಡಿಯ ಪರೀಕ್ಷೆ ಮಾಡಬೇಕು. ಆ ಹುಲಿಯನ್ನು ಕಂಡಾಗ ಹುಲಿಪಟ್ಟೆಯ ಅಂಗಿ ತೊಟ್ಟ ಟೀಪುವಿನ ಸಿಪಾಯಿಗಳನ್ನು ನಮ್ಮ ಸೀಮೆಯವರು ನೆನೆಯದಿರಲಾರರು. ಸಿಂಗಪುರದಲ್ಲಿ ಕಟ್ಟಿದ ಐ.ಎನ್.ಎ. ಬೇರೆ, ಅವರದು ಖಾಕಿ, ಅಲ್ಲಿ ಜರ್ಮನ್ ಹದ್ದಿಲ್ಲ. ‘ಬೋಸರ ಸೈನ್ಯದಲ್ಲಿದ್ದರು’ ಎಂಬ ಮನೆಮಾತು ಈ ಎರಡರಲ್ಲಿ ಯಾವುದನ್ನು ಹೇಳುತ್ತಿದೆಯೆಂದು ಉಡುಪು ತಿಳಿಸುತ್ತದೆ.

ಆ ದಳದಲ್ಲಿ ಉತ್ತರ ಭಾರತದವರೇ ಹೆಚ್ಚು. ಆದರೂ ಇಂಥ ಚಿತ್ರವೊಂದು ದಕ್ಷಿಣದ ಮನೆಯಲ್ಲಿ ಸಿಕ್ಕರೆ ಏನಾಗುತ್ತದೆಂದು ಯೋಚಿಸಿರಿ. ಮೊಮ್ಮಕ್ಕಳು ಹದ್ದನ್ನೂ ಸ್ವಸ್ತಿಕವನ್ನೂ ನೋಡಿ ಹೆದರುತ್ತಾರೆ. ತಾತ ಹಿಟ್ಲರನ ಕಡೆಯವನೆಂದು ಚಿತ್ರವನ್ನು ಒಲೆಗೆ ಹಾಕಿದರೂ ಹಾಕಬಹುದು. ಅಥವಾ ತೋಳಿನ ಹುಲಿಯನ್ನು ಮಾತ್ರ ಕತ್ತರಿಸಿ, ದೊಡ್ಡದು ಮಾಡಿ, ಹೂಮಾಲೆ ಹಾಕಿ ಮಿಕ್ಕುದನ್ನು ಮರೆಯಬಹುದು. ಎರಡೂ ಸಲ್ಲವೆಂಬುದು ನಮ್ಮ ನಿಲುವು. ಮರುಭೂಮಿಯ ಸೆರೆಶಿಬಿರದಲ್ಲಿ ಹಸಿದಿದ್ದ ಇಪ್ಪತ್ತೆರಡರ ಹುಡುಗನ ಮುಂದೆ ಯಾವ ದಾರಿಗಳಿದ್ದವು, ಒಪ್ಪಿದವರೆಷ್ಟು, ಒಪ್ಪದೆ ಶಿಬಿರದಲ್ಲಿಯೇ ಉಳಿದವರೆಷ್ಟು ಎಂಬುದನ್ನು ತಿಳಿದು ಆಮೇಲೆ ಮಾತನಾಡಬೇಕು. ಒಪ್ಪದವರೇ ಬಹಳ ಮಂದಿ. ಯುದ್ಧ ಮುಗಿದ ಮೇಲೆ ದಳದವರನ್ನು ಭಾರತಕ್ಕೆ ಕರೆತಂದು ಬಂಧನದಲ್ಲಿಟ್ಟಿದ್ದರು, ಐ.ಎನ್.ಎ. ವಿಚಾರಣೆಯ ವಿರುದ್ಧ ದೇಶವೆಲ್ಲ ಎದ್ದ ಗಾಳಿಯಲ್ಲಿ ಅವರೂ ಮನೆ ಸೇರಿದರು. ಊರಿನಲ್ಲಿ ಅವರು ಹೆಚ್ಚು ಮಾತನಾಡದಿದ್ದರೆ ಆಶ್ಚರ್ಯವಿಲ್ಲ.

ಚಿತ್ರದ ಬೆನ್ನನ್ನು ನೋಡದೆ ತೀರ್ಮಾನಕ್ಕೆ ಬರಬಾರದು. ಅಂಚೆಕಾರ್ಡಿನ ಕಾಗದದಲ್ಲಿ ಮುದ್ರಿಸಿದ್ದರೆ ಹಿಂದೆ ‘ಪೋಸ್ಟ್ ಕಾರ್ಡ್’ ಎಂದಿದೆಯೇ, ಜರ್ಮನಿಯ ‘ಪೋಸ್ಟ್‌ಕಾರ್ಟೆ’ ಎಂದಿದೆಯೇ, ಫ್ರೆಂಚಿನ ‘ಕಾರ್ಟ್ ಪೋಸ್ಟಾಲ್’ ಎಂದಿದೆಯೇ ನೋಡಬೇಕು. ‘ಆಗ್ಫಾ’, ‘ಮಿಮೋಸ’, ‘ಲಿಯೊನಾರ್’ ಎಂಬ ಮುದ್ರೆ ಜರ್ಮನ್ ಕಾಗದದ್ದು, ‘ವೆಲಾಕ್ಸ್’ ಕೊಡಾಕಿನದು, ‘ಗೆವರ್ಟ್’ ಬೆಲ್ಜಿಯಮ್ಮಿನದು. ಕಾಗದ ಜರ್ಮನಿಯದಾದ ಮಾತ್ರಕ್ಕೆ ಚಿತ್ರ ಅಲ್ಲಿ ತೆಗೆದುದೆನ್ನಲಾಗದು, ಆಗ್ಫಾ ಕಾಗದ ಎಲ್ಲೆಡೆ ಮಾರಾಟವಾಗುತ್ತಿತ್ತು; ಬೇರೆ ಗುರುತುಗಳೊಂದಿಗೆ ಕೂಡಿದಾಗ ಅದಕ್ಕೆ ಬಲ ಬರುತ್ತದೆ. ಸತ್ತ ಅಥವಾ ಸೆರೆಸಿಕ್ಕ ಶತ್ರುವಿನ ಜೇಬಿನಿಂದ ಅವನ ಹೆಂಡತಿ ಮಕ್ಕಳ ಚಿತ್ರವನ್ನು ತಂದಿಟ್ಟುಕೊಂಡವರೂ ಉಂಟು. ಅಂಥ ಚಿತ್ರದ ಬೆನ್ನಿನ ಜರ್ಮನ್ ಬರಹವನ್ನು ಓದಿಸಿದರೆ ದೂರದ ಇನ್ನೊಂದು ಮನೆಯ ಸುದ್ದಿ ಹೊರಬಂದೀತು.

ಸಮವಸ್ತ್ರದಿಂದ ದಳ ತಿಳಿಯಿತೆಂದರೆ ಮುಂದಿನ ದಾರಿ ತೆರೆಯುತ್ತದೆ. ಯುದ್ಧದಲ್ಲಿ ಮಡಿದವರ ಪಟ್ಟಿಗಳನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಇಟ್ಟಿದೆ. ಭಾರತೀಯ ಸಿಪಾಯಿಗಳ ಹೆಸರಿನ ಮುಂದೆ ಎಷ್ಟೋ ಕಡೆ ತಂದೆಯ ಅಥವಾ ಹೆಂಡತಿಯ ಹೆಸರು, ಊರು, ತಾಲೂಕು, ಜಿಲ್ಲೆಗಳೂ ಇವೆ. ಇಂಗ್ಲಿಷಿನವರ ಕಿವಿಗೆ ಬಿದ್ದಂತೆ ಬರೆದ ಊರ ಹೆಸರುಗಳು ಅವು: ಕೆಲಮಂಗಲ, ಬೇರಿಕೆ, ತಳಿ, ಅಂಚೆಟ್ಟಿ, ಶೂಲಗಿರಿಗಳನ್ನು ಎಷ್ಟು ಬಗೆಯಲ್ಲಿ ಬರೆಯಬಹುದೋ ಅಷ್ಟು ಬಗೆಯಲ್ಲಿಯೂ ಹುಡುಕಬೇಕು, ಮತ್ತು ಕರ್ನಾಟಕದ ಕೆಳಗಲ್ಲ, ‘ಸೇಲಂ, ಮದ್ರಾಸ್’ ಕೆಳಗೆ. ಮೆಸಪೊಟೇಮಿಯದಲ್ಲಿ ಸತ್ತು ಸಮಾಧಿಯಿಲ್ಲದವರು ಬಸ್ರಾದ ಸ್ಮಾರಕದಲ್ಲಿ ಸೇರಿದ್ದಾರೆ. ಫ್ರಾನ್ಸಿನಲ್ಲಿ ಮಡಿದವರು ನವ್ ಶಪೆಲ್‌ನಲ್ಲಿ. ಬದುಕಿ ಮರಳಿದವರಿಗೆ ಇಂಥ ಪಟ್ಟಿಯಿಲ್ಲ. ಅವರಿಗೆ ಪಿಂಚಣಿಯ ಕಾಗದ, ಪದಕದ ಅಂಚಿನಲ್ಲಿ ಕೊರೆದ ಸಂಖ್ಯೆ ಮತ್ತು ಹೆಸರು, ಗೋಡೆಯ ಚಿತ್ರ ಇವೇ ದಾಖಲೆ. ಮೊದಲ ಯುದ್ಧದ ಪದಕಗಳ ಅಂಚನ್ನು ಭೂತಗನ್ನಡಿಯಲ್ಲಿ ನೋಡಿದರೆ ದಳದ ಹೆಸರೂ ಸಿಗುತ್ತದೆ. ಬೆಳ್ಳಿಯೆಂದು ಕರಗಿಸಲು ಕೊಡುವ ಮುನ್ನ ಅದನ್ನೊಮ್ಮೆ ಬರೆದುಕೊಳ್ಳುವುದು ಹೆಚ್ಚಿನ ಶ್ರಮವಲ್ಲ.

ಕೊನೆಗೆ ಬರೆಹದ ಮಾತು. ಚಿತ್ರವನ್ನು ಗಾಜಿನಿಂದ ಬಲವಂತವಾಗಿ ಕೀಳಬಾರದು, ಪ್ಲಾಸ್ಟಿಕ್ಕಿನಲ್ಲಿ ಬಿಸಿಮಾಡಿ ಮುಚ್ಚಬಾರದು, ಅಂಚನ್ನು ಕತ್ತರಿಸಬಾರದು. ಸ್ಟುಡಿಯೋದ ಹೆಸರು ಇರುವುದು ಅಂಚಿನಲ್ಲಿಯೇ. ಮುಂದನ್ನೂ ಹಿಂದನ್ನೂ ಪ್ರತಿ ತೆಗೆದಿಟ್ಟು, ಬೆನ್ನಿನ ಮೇಲೆ ಮೆತ್ತನೆಯ ಪೆನ್ಸಿಲಿನಲ್ಲಿ, ಒತ್ತದೆ, ಎರಡು ಸಾಲು ಬರೆದರೆ ಸಾಕು. ಮೊದಲನೆಯದು ಕಣ್ಣಿಗೆ ಕಾಣುವುದು: ‘ಕೊರಳಪಟ್ಟಿಯಲ್ಲಿ ನಕ್ಷತ್ರ, ಎಡ ಎದೆಯಲ್ಲಿ ಮೂರು ಪದಕ’. ಎರಡನೆಯದು ಕಿವಿಗೆ ಬಿದ್ದದ್ದು: ‘ದೊಡ್ಡಮ್ಮ ಹೇಳಿದಂತೆ ಜರ್ಮನಿಯವನು’, ಮತ್ತು ಹೇಳಿದ ದಿನಾಂಕ. ಈ ಎರಡನ್ನು ಒಂದೇ ಸಾಲಿನಲ್ಲಿ ಬೆರೆಸಬಾರದು.